ಸೊನ್ನಲಿಗೆಯ ಕೆರೆಯಿಂದ ಸೋಲಾಪುರದ ಪಂಪಿನವರೆಗೆ

ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ನೀರಿನ ಪರ್ಯಾಯನಾಮಗಳ ಸಾಲಿನಲ್ಲಿ 'ಅಮೃತ', 'ಜೀವನ' ಎಂಬೆರಡು ಪದಗಳು ಒಂದರ ಬೆನ್ನಿಗೊಂದು ಬರುವುದು ನೆನಪಿರಬಹುದು. ತರಗತಿಯಲ್ಲಿ ಸಮಾನಾರ್ಥಕ ಪದಗಳ ಪಾಠ ಬಂದಾಗ ನಾವು ಈ ಎರಡು ಪದಗಳ ಬಳಿ ಕ್ಷಣಕಾಲ ನಿಲ್ಲುವುದುಂಟು. ನಿಂತು ಹಾಜರಿ ಪುಸ್ತಕದತ್ತ ಕಣ್ಣು ಹಾಯಿಸುವುದೂ ಉಂಟು. ಮಾಘ ಕಳೆದು ಫಾಲ್ಗುಣ ಕಾಲಿಡುತ್ತಲೇ ಆ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಹೆಚ್ಚತೊಡಗುತ್ತವೆ. ಕಾರಣ ಕೇಳಿದರೆ ಬರುವ ಉತ್ತರ ವರ್ಷವರ್ಷವೂ ಒಂದೇ: "ನೀರಿಗಿ ಹೋಗಿದ್ನಿರೀ, ಸರ." ನೀರಿಗೆ 'ಜೀವನ' ಎಂದು ಹೆಸರಿಟ್ಟ ಕೋಶಕಾರನ ಮಾತು ಎಷ್ಟು ನಿಜವೆಂಬುದನ್ನು ಆ ಮಗುವು ನಮಗಿಂತ ಚೆನ್ನಾಗಿ ಬಲ್ಲುದು.

ಗಡಿನಾಡಿನ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಭಾಷೆಯನ್ನೂ ಸಾಹಿತ್ಯವನ್ನೂ ಕುರಿತ ಲೇಖನಗಳು ಬರುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ನಮ್ಮ ಸಂಘದ ಬಂಧುಗಳಲ್ಲಿ ಬಹುಮಂದಿ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ದುಡಿಯುವವರು. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಇಂಡಿ, ಅಫಜಲಪುರ, ಆಳಂದಗಳ ಹಳ್ಳಿಗಳಿಂದ ಬಂದವರು. ಇವರ ಮನೆಮಾತು ಕನ್ನಡವೆಂಬುದು ಎಷ್ಟು ನಿಜವೋ ಇವರ ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಕಷ್ಟವೆಂಬುದೂ ಅಷ್ಟೇ ನಿಜ. ಆದುದರಿಂದ ಈ ವರ್ಷದ ಸಂಚಿಕೆಗೆ ನಾವು ನೀರಿನ ಚರಿತ್ರೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ. ಈ ಚರಿತ್ರೆಯಲ್ಲಿ ನಮ್ಮ ಸೋಲಾಪುರಕ್ಕೆ ದೊಡ್ಡದೊಂದು ಸ್ಥಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಒಮ್ಮೆ, ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಮ್ಮೆ, ಹೀಗೆ ಎರಡು ಸಲ ಈ ಊರು ನೀರಡಿಸಿದವರಿಗೆ ನೀರು ಕೊಡುವ ದಾರಿಯನ್ನು ತೋರಿಸಿತು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ನಮ್ಮವರೇ ಮರೆತಿದ್ದಾರೆ.

ಮೊದಲು ಭೂಮಿಯ ಮಾತು. ಸೋಲಾಪುರ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಇಲ್ಲಿಯ ವಾರ್ಷಿಕ ಮಳೆ ಸಾಧಾರಣವಾಗಿ 550 ಮಿಲಿಮೀಟರಿನ ಆಸುಪಾಸು. ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುವಂಥದು. ಭೀಮೆ ಇದೆ, ಸೀನೆ ಇದೆ, ನಳದುರ್ಗದ ಕಡೆಯಿಂದ ಅಕ್ಕಲಕೋಟೆಗೆ ಇಳಿದು ಬರುವ ಬೋರಿ ಇದೆ. ಆದರೆ ಹೊಳೆಯ ದಂಡೆಯಿಂದ ಹರದಾರಿ ದೂರ ಸರಿದರೆ ಸಾಕು, ಕಾಣುವುದು ಎರೆಯ ಹೊಲ. ಎರೆಯ ಕೆಳಗೆ ಕರಿಯ ಬಂಡೆ. ಅಗ್ನಿಪರ್ವತಗಳ ಲಾವಾರಸವು ಪದರುಪದರಾಗಿ ಹೆಪ್ಪುಗಟ್ಟಿ ಆದ ಈ ಬಂಡೆಯು ಉಸುಕಿನಂತೆ ನೀರನ್ನು ಹೀರಿಕೊಂಡು ಇಟ್ಟುಕೊಳ್ಳಲಾರದು. ಅದರ ಬಿರುಕುಗಳಲ್ಲಿಯೂ ಪದರುಗಳ ಸಂದುಗಳಲ್ಲಿಯೂ ಎಷ್ಟು ಸೇರಿಕೊಂಡಿತೋ ಅಷ್ಟೇ ನೀರು. ಒಬ್ಬನ ಬಾವಿಗೆ ಸೆಲೆ ಸಿಕ್ಕೀತು, ಹತ್ತು ಮಾರು ಆಚೆಗೆ ತೋಡಿದವನಿಗೆ ಬರಿಯ ಕಲ್ಲು ಸಿಕ್ಕೀತು. ಈ ಸೀಮೆಯ ನೀರಿನ ಕಥೆಯೆಲ್ಲ ಈ ಬಂಡೆಯೊಡನೆ ಮನುಷ್ಯನು ನಡೆಸಿದ ಹೋರಾಟದ ಕಥೆಯೇ ಆಗಿದೆ.

ಆ ಕಥೆಯ ಮೊದಲ ನಾಯಕನು ಸೊನ್ನಲಿಗೆಯ ಸಿದ್ಧರಾಮ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ವನ್ನು ಓದಿದವರು ಬಲ್ಲರು: ಮುದ್ದುಗೌಡ ಸುಗ್ಗವ್ವೆಯರ ಮಗನಾದ ಈ ಮುಗ್ಧ ಬಾಲಕನು ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲದವರೆಗೆ ಹೋದನು. ಮಲ್ಲಿಕಾರ್ಜುನನು ಅವನನ್ನು ಅಲ್ಲಿಯೇ ಉಳಿಸಿಕೊಳ್ಳಲಿಲ್ಲ. ಊರಿಗೆ ಹಿಂದಿರುಗಿ ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವಾಗಿಸೆಂದು ಕಳುಹಿಸಿದನು. ಸಿದ್ಧರಾಮನು ಬಂದು ಗುಡಿಯನ್ನು ಕಟ್ಟಿದನು, ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು, ಸಾವಿರಾರು ಜನರನ್ನು ಕೂಡಿಸಿ ಕೆರೆಯನ್ನು ತೋಡಿದನು. ಇಂದಿಗೂ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಮೆರೆಯುವ ಊರಿನ ನಡುವೆ ಆ ಕೆರೆ ಇದೆ. ಅದರ ನೀರಿನ ಮಧ್ಯದಲ್ಲಿಯೇ ಶಿವಯೋಗಿಯ ಗುಡಿ ಇದೆ.

ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕು. ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದಾಗ ಕೆರೆಯ ಕೆಲಸ ನಡೆದಿದ್ದಿತು. ಬಂದವನು ಸಿದ್ಧರಾಮನನ್ನು 'ಒಡ್ಡರಾಮ' ಎಂದು ಕರೆದನು. ಕೆಲಸಗಾರರು ಕೆರಳಿ ಕಲ್ಲೆಸೆದರು. ಹೊರಗಿನ ಕೆರೆಯಷ್ಟೇ ಸಾಲದು, ಒಳಗಿನ ಅರಿವೂ ಬೇಕೆಂಬುದು ಅಲ್ಲಮನ ಉಪದೇಶದ ತಾತ್ಪರ್ಯ. ಸಿದ್ಧರಾಮನು ಅದನ್ನು ಒಪ್ಪಿ ಕಲ್ಯಾಣಕ್ಕೆ ನಡೆದುದೂ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದುದೂ ಪ್ರಸಿದ್ಧವೇ ಆಗಿವೆ. ತತ್ತ್ವದ ಮಾತನ್ನು ಬಲ್ಲವರು ವಿವರಿಸಲಿ. ಮಣ್ಣು ಅಗೆದು ಕಲ್ಲು ಹೊತ್ತು ಈ ನಾಡಿಗೆ ಕೆರೆಕಟ್ಟೆಗಳನ್ನು ಕೊಟ್ಟ ಒಡ್ಡರ ಹೆಸರನ್ನು ಸಿದ್ಧರಾಮನ ಹೆಸರಿನೊಡನೆ ಹೆಣೆದ ಆ ಸಂಬೋಧನೆಯನ್ನು ನಾವಂತೂ ಬಿರುದೆಂದೇ ಎಣಿಸುತ್ತೇವೆ. ಯೋಗಿಯೊಬ್ಬನು ಗುದ್ದಲಿಯವರೊಡನೆ ನಿಂತ ಊರಿದು.

ಕೆರೆಯನ್ನು ತೋಡಿದರೆ ಮುಗಿಯಿತೆ? ಇಲ್ಲವೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ತಿಳಿದಿದ್ದರು. ಬಾವಿ ಕೆರೆ ಅರವಟ್ಟಿಗೆಗಳನ್ನು ಮಾಡಿಸುವುದನ್ನು ಶಾಸ್ತ್ರಕಾರರು 'ಪೂರ್ತ'ವೆಂದು ಕರೆದು ಯಜ್ಞಯಾಗಾದಿಗಳ ಜೊತೆಯಲ್ಲಿ ನಿಲ್ಲಿಸಿದರು. ಕನ್ನಡ ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಅವುಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಬಿಟ್ಟುಕೊಡುತ್ತಿದ್ದ ಭೂಮಿ ಅಥವಾ ಬೆಳೆಯ ಪಾಲು ಅದು. ಹೂಳೆತ್ತುವುದಕ್ಕೆ, ಏರಿ ಬಿರಿದರೆ ಮಣ್ಣು ಹಾಕುವುದಕ್ಕೆ, ತೂಬನ್ನು ನೋಡಿಕೊಳ್ಳುವುದಕ್ಕೆ ಶಾಶ್ವತವಾದ ಏರ್ಪಾಡು. ಕಟ್ಟಿಸಿದವನ ಕೀರ್ತಿ ಒಂದು ದಿನದ ಉತ್ಸವದಲ್ಲಿ ಮುಗಿಯದಂತೆ, ಕೆರೆಯ ಆಯುಷ್ಯವು ಅವನ ಆಯುಷ್ಯವನ್ನು ಮೀರುವಂತೆ ಮಾಡಿದ ಉಪಾಯ ಇದು. ಈ 'ಬಿತ್ತುವಟ್ಟ' ಎಂಬ ಪದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದ ಕೆಲಸವಿದೆ.

ಆಮೇಲಿನವರೂ ಸುಮ್ಮನಿರಲಿಲ್ಲ. ಇಮ್ಮಡಿ ಇಬ್ರಾಹಿಂ ಆದಿಲಶಹನ ಕಾಲದಲ್ಲಿ, 1613ರ ಸುಮಾರಿಗೆ, ಬೋರಿ ನದಿಗೆ ನಳದುರ್ಗದ ಕೋಟೆಯಲ್ಲಿ ಕಲ್ಲಿನ ಒಡ್ಡು ಬಿದ್ದಿತು; ಆ ಒಡ್ಡಿನ ಹೊಟ್ಟೆಯಲ್ಲಿಯೇ 'ಪಾನೀ ಮಹಲ್' ಎಂಬ ಅಂದದ ಅರಮನೆಯನ್ನು ಕಟ್ಟಿದರು. ಇಂಗ್ಲಿಷರ ಆಳಿಕೆಯಲ್ಲಿ ಸೋಲಾಪುರದ ಉತ್ತರಕ್ಕೆ ಆದಿಲಾ ಹೊಳೆಗೆ ಅಡ್ಡಲಾಗಿ ಏಕರೂಖದ ಕೆರೆ 1871ರಲ್ಲಿ ಮುಗಿಯಿತು; ಹಿಪ್ಪರಗಾ ಕೆರೆಯೆಂದು ನಾವು ಕರೆಯುವುದು ಇದನ್ನೇ. ಕೆರೆ ಮುಗಿದು ಐದು ವರ್ಷವಾಗುವಷ್ಟರಲ್ಲಿ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವು, ಎಂದರೆ 1876-78ರ ಬರವು, ದಖನ್ನಿನ ಮೇಲೆ ಎರಗಿತು. ಸೋಲಾಪುರ ಜಿಲ್ಲೆಯು ಅದಕ್ಕೆ ಸಿಕ್ಕಿ ನಲುಗಿದ ಜಿಲ್ಲೆಗಳಲ್ಲಿ ಒಂದು. ಮುಂದೆ ಏಕರೂಖದ ನೀರು ನಗರಕ್ಕೆ ಕುಡಿಯಲು ಬಂದಿತು. ಗಿರಣಿಗಳ ಊರಾಗಿ ಬೆಳೆದ ಸೋಲಾಪುರಕ್ಕೆ ನಲ್ಲಿಗಳಾದವು. ಹಳ್ಳಿಗೆ ಮಾತ್ರ ಯಾವ ನಲ್ಲಿಯೂ ಬರಲಿಲ್ಲ. ನಗರದ ನೀರಿಗೂ ಹಳ್ಳಿಯ ನೀರಿಗೂ ನಡುವೆ ಅಂದು ಬಿದ್ದ ಅಂತರವನ್ನು ತುಂಬಲು ನೂರು ವರ್ಷಗಳು ಸಾಲದೆ ಹೋದವು.

ಹಳ್ಳಿಗೆ ಇದ್ದುದು ಹಳ್ಳದ ಒರತೆ ಮತ್ತು ಬಾವಿ. ಬಾವಿಗಳಲ್ಲಿ ಹಲವು ಮೆಟ್ಟಿಲ ಬಾವಿಗಳು. ಕೊಡ ಹೊತ್ತವರು ಮೆಟ್ಟಿಲಿಳಿದು, ಮೊಳಕಾಲುದ್ದ ನೀರಿನಲ್ಲಿ ನಿಂತು ಕೊಡವನ್ನು ಮುಳುಗಿಸಿ ತರುತ್ತಿದ್ದರು. ನೋಡಲು ಅಂದವಾದ ಈ ಬಾವಿಗಳಲ್ಲಿ ಒಂದು ಘೋರ ವ್ಯಾಧಿ ಮನೆ ಮಾಡಿಕೊಂಡಿದ್ದಿತು. ಅದು ನಾರುಹುಣ್ಣು. ಹುಣ್ಣುಳ್ಳವನು ನೀರಿಗಿಳಿದನೆಂದರೆ ಅವನ ಕಾಲಿನಿಂದ ಹೊರಟ ಸಣ್ಣ ಮರಿಗಳು ನೀರಿಗೆ ಸೇರುವವು. ನೀರಿನಲ್ಲಿರುವ, ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಸಣ್ಣ ಜಂತುವೊಂದು ಅವನ್ನು ನುಂಗುವುದು. ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಮರಿಯು ಬೆಳೆದು, ಸುಮಾರು ಒಂದು ವರ್ಷದ ಮೇಲೆ ಮೊಳದುದ್ದವನ್ನೂ ಮೀರಿದ ದಾರದಂಥ ಹುಳುವಾಗಿ ಚರ್ಮವನ್ನು ಸೀಳಿಕೊಂಡು ಬರುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುವುದಲ್ಲದೆ ಬೇರೆ ಚಿಕಿತ್ಸೆ ಇರಲಿಲ್ಲ. ಇಂದಿಗೂ ಅದಕ್ಕೆ ಔಷಧವಿಲ್ಲ, ಲಸಿಕೆಯಿಲ್ಲ. ರೈತನು ಬಿತ್ತುವ ಹೊತ್ತಿನಲ್ಲಿಯೇ ಹಾಸಿಗೆ ಹಿಡಿಯುತ್ತಿದ್ದನು. ಕರ್ನಾಟಕ, ಮಹಾರಾಷ್ಟ್ರಗಳೆರಡೂ ಈ ವ್ಯಾಧಿಯಿಂದ ಬಳಲಿದ ರಾಜ್ಯಗಳು. ನೀರು ಸಿಕ್ಕರೆ ಸಾಲದು, ಅದು ಶುದ್ಧವಾಗಿರಬೇಕೆಂಬ ಪಾಠವನ್ನು ನಮ್ಮ ಅಜ್ಜಂದಿರು ಕಾಲಿನ ನೋವಿನಿಂದ ಕಲಿತರು.

ಇನ್ನೊಂದು ಕಲ್ಮಷವೂ ಬಾವಿಯ ಕಟ್ಟೆಯ ಮೇಲಿದ್ದಿತು. ಊರ ಬಾವಿಯು ಊರಿನ ಎಲ್ಲ ಕೇರಿಗಳ ಬಾವಿಯಾಗಿರಲಿಲ್ಲ. ದಲಿತರ ಹೆಣ್ಣುಮಗಳು ಬರಿಯ ಕೊಡ ಹಿಡಿದು ದೂರ ನಿಂತು, ಯಾರಾದರೂ ಸೇದಿ ಹೊಯ್ದರೆ ತುಂಬಿಕೊಂಡು ಹೋಗಬೇಕಾಗಿದ್ದಿತು. 1927ರ ಮಾರ್ಚಿ 20ರಂದು ಡಾಕ್ಟರ್ ಅಂಬೇಡಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದುದು ಈ ಅನ್ಯಾಯದ ವಿರುದ್ಧವಾಗಿ. ಮುಂದೆ ಕೊಳವೆ ಬಾವಿಗಳು ಬಂದಾಗ, ಅವನ್ನು ಯಾವ ಕೇರಿಯಲ್ಲಿ ಕೊರೆಯಬೇಕು ಎಂಬ ಪ್ರಶ್ನೆಯು ಬಂಡೆಯ ಸೆಲೆಯಷ್ಟೇ ಮುಖ್ಯವಾದುದು ಇದೇ ಕಾರಣದಿಂದ.

ಕೊಳವೆ ಬಾವಿಯ ಯುಗವನ್ನು ತಂದುದು ಬರವೇ. 1966-67ರಲ್ಲಿ ಬಿಹಾರದಲ್ಲಿಯೂ ಉತ್ತರಪ್ರದೇಶದಲ್ಲಿಯೂ ಭೀಕರವಾದ ಅನಾವೃಷ್ಟಿಯಾಗಿ ಬಾವಿಗಳೆಲ್ಲ ಬತ್ತಿದುವು. ಆಗ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದಿಂದ ಕುಟ್ಟಿ ಕೊರೆಯುವ ಯಂತ್ರಗಳನ್ನು ವಿಮಾನದಲ್ಲಿ ತರಿಸಿತು. ಗುದ್ದಲಿ ಹಾರೆಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಆ ಯಂತ್ರಗಳು ಒಂದೆರಡು ದಿನಗಳಲ್ಲಿ ಮುಗಿಸಬಲ್ಲವಾಗಿದ್ದುವು. 1972ರ ಬರವು ಮಹಾರಾಷ್ಟ್ರವನ್ನು ಹಣ್ಣು ಮಾಡಿದಾಗ ನಮ್ಮ ಕಡೆಯೂ ಕೊರೆಯುವ ಯಂತ್ರಗಳ ಸದ್ದು ಕೇಳಿಬಂದಿತು. ಕೇಂದ್ರ ಸರಕಾರವು ಗ್ರಾಮೀಣ ನೀರು ಸರಬರಾಜನ್ನು ಚುರುಕುಗೊಳಿಸುವ ಕಾರ್ಯಕ್ರಮವನ್ನು 1972-73ರಲ್ಲಿಯೇ ಆರಂಭಿಸಿತು. ಬಂಡೆ ಸೋತಿತು, ಸೆಲೆ ಸಿಕ್ಕಿತು, ಕೈಪಂಪು ಬಂದಿತು. ಮರಾಠಿಯವರು ಅದನ್ನು 'ಹಾಪಸಾ' ಎಂದರು. ನಮ್ಮ ಹಳ್ಳಿಗರು 'ಬೋರಿಂಗು' ಎಂದರು.

ಆದರೆ ಸಂತೋಷವು ಬಹುಕಾಲ ನಿಲ್ಲಲಿಲ್ಲ. 1974ರ ಸುಮಾರಿಗೆ ಸಮೀಕ್ಷೆ ನಡೆಸಿ ನೋಡಿದಾಗ ನೂರಕ್ಕೆ ಎಪ್ಪತ್ತೈದರಷ್ಟು ಕೈಪಂಪುಗಳು ಕೆಟ್ಟು ನಿಂತಿದ್ದುವು. ಕೊರೆಯಲು ಸುರಿದ ಹಣವೆಲ್ಲ ಬಂಡೆಯೊಳಗೆ ಹೋದಂತಾಯಿತು. ನೆಲದಲ್ಲಿ ನೀರಿತ್ತು, ಮೇಲೆ ಬಾಯಾರಿದ ಜನರಿದ್ದರು, ನಡುವಣ ಯಂತ್ರ ಸತ್ತಿದ್ದಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಆ ಪಂಪುಗಳು ಬೀಡುಕಬ್ಬಿಣದವು. ಯೂರೋಪು ಅಮೆರಿಕಗಳಲ್ಲಿ ಒಂದು ಮನೆಯ ಅಂಗಳದಲ್ಲಿ ಒಂದು ಕುಟುಂಬವು ದಿನಕ್ಕೆ ನಾಲ್ಕಾರು ಸಲ ಒತ್ತುವುದಕ್ಕಾಗಿ ಮಾಡಿದ ಮಾದರಿಯ ಅನುಕರಣಗಳು. ನಮ್ಮ ಹಳ್ಳಿಯಲ್ಲಿ ಒಂದೇ ಪಂಪಿನ ಮುಂದೆ ನಸುಕಿನಿಂದ ರಾತ್ರಿಯವರೆಗೆ ನೂರಾರು ಕೊಡಗಳ ಪಾಳಿ. ಹಿಡಿಕೆಯ ಮೊಳೆಗಳು ಸವೆದು, ಕಿವಿಗಳು ಮುರಿದು, ಕೆಲವೇ ತಿಂಗಳಲ್ಲಿ ಅದು ಮೂಲೆಗುಂಪಾಗುತ್ತಿದ್ದಿತು.

ಈ ಕಗ್ಗಂಟನ್ನು ಬಿಡಿಸಿದ ಪಂಪು ಹುಟ್ಟಿದುದು ನಮ್ಮ ಸೋಲಾಪುರದಲ್ಲಿ. ದೂರದ ರಾಜಧಾನಿಗಳ ಪ್ರಯೋಗಾಲಯಗಳಿಂದ ಬಾರದೆ, ಊರೂರು ಅಲೆದು ಕೊಳವೆ ಬಾವಿಗಳನ್ನು ಕೊರೆದು, ತಾವು ಕೂಡಿಸಿದ ಪಂಪುಗಳು ಮುರಿದು ಬೀಳುವುದನ್ನು ಕಣ್ಣಾರೆ ಕಂಡವರ ಕಮ್ಮಟದಿಂದ ಅದು ಬಂದಿತು. ಜಾಲನೆಯಲ್ಲಿ ಮಿಶನರಿಗಳ ನೀರಿನ ಕೆಲಸದವರು ಇಂಥದೇ ಸುಧಾರಣೆಗೆ ಕೈಹಾಕಿದ್ದರು; ಸೋಲಾಪುರದಲ್ಲಿ ಅದು ಗಟ್ಟಿಯಾದ ರೂಪವನ್ನು ತಾಳಿತು. ಅದಕ್ಕೆ 'ಸೋಲಾಪುರ ಪಂಪು' ಎಂದೇ ಹೆಸರಾಯಿತು. ಮಾಡಿದವರ ಹೆಸರನ್ನು ಹೊರದೆ ಊರಿನ ಹೆಸರನ್ನು ಹೊತ್ತು ನಿಂತ ಯಂತ್ರವಿದು. ಒಡ್ಡರಾಮನ ಊರಿಗೆ ಇದು ಒಪ್ಪುವ ಮಾತೇ ಆಗಿದೆ.

ಅದರ ಗುಟ್ಟು ಏನೆಂಬುದನ್ನು ಯಂತ್ರಶಾಸ್ತ್ರವನ್ನು ಓದದ ನಾವು, ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದಷ್ಟನ್ನು ಹೇಳುತ್ತೇವೆ. ಹಳೆಯ ಪಂಪಿನಲ್ಲಿ ಹಿಡಿಕೆಗೂ ಸರಳಿಗೂ ಹಲವು ಕೀಲುಗಳಿದ್ದು ಒಂದೊಂದೂ ಸವೆಯುತ್ತಿದ್ದಿತು. ಹೊಸದರಲ್ಲಿ ಹಿಡಿಕೆ ತಿರುಗುವ ಸ್ಥಾನ ಒಂದೇ. ಅಲ್ಲಿಯೂ ಧೂಳು ನುಗ್ಗದಂತೆ ಮುಚ್ಚಿದ ಬಾಲ್ ಬೇರಿಂಗ್. ಹಿಡಿಕೆಯ ತುದಿಯಲ್ಲಿ ವೃತ್ತದ ತುಂಡಿನಂಥ ಉಕ್ಕಿನ ಭಾಗ. ಅದರ ಮೇಲೆ ಸರಪಳಿ. ಸರಪಳಿಯ ಕೆಳಗೆ ಬಾವಿಯೊಳಕ್ಕೆ ಇಳಿಯುವ ಸರಳು. ಹಿಡಿಕೆಯನ್ನು ಒತ್ತಿದಾಗ ಸರಪಳಿಯು ವೃತ್ತದ ಮೇಲೆ ಸುತ್ತಿಕೊಂಡು ಸರಳನ್ನು ನೆಟ್ಟಗೆ ಮೇಲಕ್ಕೆ ಎಳೆಯುವುದು, ಅತ್ತಿತ್ತ ತಿಕ್ಕಾಟವಿಲ್ಲ. ಬಿಟ್ಟಾಗ ಸರಳು ತನ್ನ ಭಾರದಿಂದಲೇ ಇಳಿಯುವುದು. ಎಲ್ಲಕ್ಕಿಂತ ಮುಖ್ಯವಾದುದು ಪೀಠ. ಹಳೆಯ ಪಂಪು ಬಾವಿಯ ಕೊಳವೆಯ ಮೇಲೆಯೇ ಕುಳಿತು ಅದನ್ನು ಅಲುಗಾಡಿಸುತ್ತಿದ್ದಿತು. ಬಿಟ್ಟ ಸಂದಿನಿಂದ ಹೊಲಸು ನೀರು ಒಳಗಿಳಿಯುತ್ತಿದ್ದಿತು. ಹೊಸ ಪಂಪಿನ ಪೀಠವು ಸಿಮೆಂಟಿನ ಗಚ್ಚಿನಲ್ಲಿ ಬೇರೆಯಾಗಿ ನಿಂತು ಕೊಳವೆಯ ಬಾಯನ್ನು ಮುಚ್ಚಿತು. ಹೀಗೆ ಗಟ್ಟಿತನವೂ ಶುದ್ಧತೆಯೂ ಒಟ್ಟಿಗೆ ಸಾಧಿಸಿದುವು.

ದೇಶದ ಪಂಪುಗಳ ದುರವಸ್ಥೆಗೆ ಮದ್ದು ಹುಡುಕುತ್ತಿದ್ದ ಭಾರತ ಸರಕಾರ, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು ಸೋಲಾಪುರದ ಪಂಪನ್ನೇ ಆಧಾರವಾಗಿ ಹಿಡಿದರು. ಅದನ್ನು ಸಾವಿರಗಟ್ಟಲೆ ತಯಾರಿಸಲು ತಕ್ಕಂತೆ ತಿದ್ದುವ ಕೆಲಸ ಮದರಾಸಿನಲ್ಲಿ ನಡೆಯಿತು. ಸರಕಾರದ ಒಡೆತನದ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯು ಮಾದರಿಗಳನ್ನು ಮಾಡಿಕೊಟ್ಟಿತು. ಕೊಯಿಮತ್ತೂರಿನ ಕಡೆಯ ಆಳವಾದ ಬಾವಿಗಳಲ್ಲಿ ಅವನ್ನು ಕೂಡಿಸಿ ಪರೀಕ್ಷಿಸಿದರು. ಹೀಗೆ ಹುಟ್ಟಿದುದೇ 'ಇಂಡಿಯಾ ಮಾರ್ಕ್-2' ಕೈಪಂಪು. 1977-78ರಲ್ಲಿ ಅದರ ತಯಾರಿಕೆ ಮೊದಲಾಯಿತು. 1979ರಲ್ಲಿ ಅದಕ್ಕೆ ಭಾರತೀಯ ಮಾನಕ ಸಿದ್ಧವಾಯಿತು. 250 ಜನರಿಗೆ ಒಂದು ಪಂಪು, ತಲೆಗೆ ದಿನಕ್ಕೆ 40 ಲೀಟರು ನೀರು ಎಂಬ ಪ್ರಮಾಣದಲ್ಲಿ ಅದು ಹಳ್ಳಿಗಳಿಗೆ ನಡೆಯಿತು. ವಿಶ್ವಸಂಸ್ಥೆಯು 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ಕುಡಿಯುವ ನೀರಿನ ದಶಕವೆಂದು ಸಾರಿದಾಗ ಅದು ಸಮುದ್ರವನ್ನು ದಾಟಿತು. ಆಫ್ರಿಕದ ಹಲವು ದೇಶಗಳಲ್ಲಿ ಇಂದು ಅದು ನಿಂತಿದೆ. ಯುಗಾಂಡದಲ್ಲಿ 'ಯು-2' ಎಂಬ ಹೆಸರಿನಿಂದ ಅಲ್ಲಿಯದೇ ಆಗಿಹೋಗಿದೆ. ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾದ ಕೈಪಂಪು ಇದೆಂದು ಬಲ್ಲವರು ಹೇಳುತ್ತಾರೆ. ಅಂಥವು ಲಕ್ಷಗಟ್ಟಲೆ ಇವೆ. ಇನ್ನೊಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾಗದು. ಈ ಪಂಪಿನ ವಿನ್ಯಾಸಕ್ಕೆ ಯಾರ ಹಕ್ಕಿನ ಮುದ್ರೆಯೂ ಇಲ್ಲ. ಯಾರು ಬೇಕಾದರೂ ಮಾಡಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕೆರೆಯ ನೀರಿಗೆ ಬೀಗ ಹಾಕದ ಧರ್ಮವನ್ನು ಯಂತ್ರವೂ ಪಾಲಿಸಿತು.

ಅದರಿಂದಾದ ಉಪಕಾರ ಸಣ್ಣದಲ್ಲ. ಮೆಟ್ಟಿಲ ಬಾವಿಗಳು ಮುಚ್ಚಿದುವು ಅಥವಾ ಸೇದುವ ಬಾವಿಗಳಾದುವು. ಅವುಗಳ ಪಕ್ಕದಲ್ಲಿ ಕೈಪಂಪು ನಿಂತಿತು. ಹಳ್ಳಿ ಹಳ್ಳಿಗೆ ಹೋಗಿ ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿದ ಆರೋಗ್ಯ ಕಾರ್ಯಕರ್ತರ ದುಡಿಮೆಯೂ ಅದರೊಡನೆ ಸೇರಿತು. ಭಾರತದ ಕೊನೆಯ ನಾರುಹುಣ್ಣಿನ ರೋಗಿಯು 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವು ಈ ವ್ಯಾಧಿಯಿಂದ ಮುಕ್ತವಾಯಿತೆಂದು ಪ್ರಮಾಣಪತ್ರ ಕೊಟ್ಟಿತು. ಇಂದು ನಮ್ಮ ತರಗತಿಯಲ್ಲಿ ನಾರುಹುಣ್ಣೆಂದರೆ ಏನೆಂದು ಕೇಳಿದರೆ ಒಬ್ಬ ಬಾಲಕನೂ ಹೇಳಲಾರನು. ಅವರು ಅದನ್ನು ಅರಿಯದೆ ಬೆಳೆದುದೇ ನಮಗೆ ಹರ್ಷದ ಸಂಗತಿ.

ಇಷ್ಟೆಲ್ಲ ಹೊಗಳಿದ ಮೇಲೆ ನಮ್ಮ ಅನುಭವದ ಮಾತೊಂದನ್ನು ಬಚ್ಚಿಡುವುದು ಸರಿಯಲ್ಲ. ನಾವು ಕೆಲವು ವರ್ಷ ಪಾಠ ಹೇಳಿದ ಗಡಿಯ ಹಳ್ಳಿಯೊಂದರಲ್ಲಿ ಶಾಲೆಯ ಹತ್ತಿರವೇ ಇಂಥ ಪಂಪು ಇದ್ದಿತು. ಒಂದು ಮಾಘದಲ್ಲಿ ಅದು ನಿಂತಿತು. ಹಿಡಿಕೆ ಆಡುತ್ತಿತ್ತು, ನೀರು ಬರುತ್ತಿರಲಿಲ್ಲ. ಕೆಳಗಿನ ಸಿಲಿಂಡರಿನಲ್ಲಿ ವಾಷರು ಸವೆದಿರಬೇಕೆಂದು ಬಲ್ಲವರೆಂದರು. ವಾಷರಿನ ಬೆಲೆ ಒಂದು ಹೊತ್ತಿನ ಚಹದ ಬೆಲೆಗಿಂತ ಬಹಳ ಹೆಚ್ಚಿನದಲ್ಲ. ಆದರೆ ಮಾರ್ಕ್-2ರಲ್ಲಿ ಅದನ್ನು ಬದಲಿಸಬೇಕಾದರೆ ನೂರಾರು ಅಡಿ ಕಬ್ಬಿಣದ ಕೊಳವೆಯನ್ನು ತುಂಡುತುಂಡಾಗಿ ಮೇಲೆತ್ತಬೇಕು. ಅದಕ್ಕೆ ಸಲಕರಣೆ ಬೇಕು, ಬಲ್ಲ ಆಳುಗಳು ಬೇಕು, ಅವರನ್ನು ತರುವ ಗಾಡಿ ಬೇಕು. ನಾವು ಅರ್ಜಿ ಬರೆದೆವು; ಊರವರ ಹೆಬ್ಬೆಟ್ಟು ಒತ್ತಿಸಿದೆವು; ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದೆವು. ಮೃಗಶಿರ ಮಳೆ ಬಿದ್ದು ಹಳ್ಳ ಹರಿದ ಮೇಲೆ ಗಾಡಿ ಬಂದಿತು. ಆ ನಾಲ್ಕು ತಿಂಗಳು ಹೆಣ್ಣುಮಕ್ಕಳು ಸಿಂಬಿ ಸುತ್ತಿಕೊಂಡು ಮೈಲುದೂರದ ತೋಟದ ಬಾವಿಗೆ ನಡೆದರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪರೀಕ್ಷೆಗೆ ಕೂಡಲೇ ಇಲ್ಲ. ಓದಿನಲ್ಲಿ ಜಾಣೆ, ಷಟ್ಪದಿಯ ಗಣವಿಭಾಗವನ್ನು ತಪ್ಪಿಲ್ಲದೆ ಹಾಕುತ್ತಿದ್ದವಳು. ಮುಂದಿನ ವರ್ಷ ಅವಳ ಲಗ್ನವಾಯಿತೆಂದು ಕೇಳಿದೆವು. ಆ ಸವೆದ ವಾಷರಿನ ನಿಜವಾದ ಬೆಲೆ ಅಷ್ಟೆಂದು ನಮಗೆ ಅಂದು ತಿಳಿಯಿತು.

ಪಂಪನ್ನು ಮಾಡಿದವರು ಈ ದೋಷವನ್ನು ಅರಿಯದೆ ಇರಲಿಲ್ಲ. 1983ರಿಂದ ಕೊಯಿಮತ್ತೂರಿನಲ್ಲಿಯೇ ಮತ್ತೆ ಪರೀಕ್ಷೆಗಳು ನಡೆದು 'ಮಾರ್ಕ್-3' ಬಂದಿತು. ಅದರ ಕೊಳವೆ ಅಗಲವಾದುದು, ಪಿಸ್ಟನ್ನನ್ನು ಸರಳಿನೊಡನೆ ಒಳಗಿನಿಂದಲೇ ಮೇಲೆ ಸೆಳೆದು ವಾಷರು ಬದಲಿಸಬಹುದು, ಕೊಳವೆಯನ್ನು ಕದಲಿಸಬೇಕಾಗಿಲ್ಲ. ಹಳ್ಳಿಯವರೇ ಒಂದೆರಡು ಪಾನಾಗಳಿಂದ ಈ ಕೆಲಸವನ್ನು ಮಾಡಿಕೊಳ್ಳಬಹುದು. ಹಳ್ಳಿಯ ಕೈಗೇ ದುರಸ್ತಿಯನ್ನು ಒಪ್ಪಿಸುವ ಈ ವಿಚಾರವು ಹಿಂದಿನ ಬಿತ್ತುವಟ್ಟದ ವಿಚಾರವೇ ಅಲ್ಲವೆ? ಏರಿಯ ಮಣ್ಣಿನ ಸ್ಥಾನದಲ್ಲಿ ವಾಷರು ಬಂದಿತು, ತೂಬಿನ ಸ್ಥಾನದಲ್ಲಿ ಸರಪಳಿ ಬಂದಿತು. ನೋಡಿಕೊಳ್ಳುವವನು ಮಾತ್ರ ಎಂದಿನಂತೆ ಬೇಕಾಗಿಯೇ ಉಳಿದನು.

ಈಗಿನ ಕಾಲಕ್ಕೆ ಬರೋಣ. 1980ರಲ್ಲಿ ಮುಗಿದ ಉಜನಿಯ ಅಣೆಕಟ್ಟಿನಿಂದ ಸೋಲಾಪುರ ನಗರಕ್ಕೆ ಕೊಳವೆಯ ಮೂಲಕ ನೀರು ಬರುತ್ತಿದೆ; ಭೀಮೆಗೆ ಬಿಟ್ಟ ನೀರನ್ನು ಔಜಿನ ಬಂಧಾರದಲ್ಲಿ ತಡೆದು ಟಾಕಳಿಯಿಂದಲೂ ಎತ್ತುತ್ತಾರೆ. ಅಷ್ಟಾದರೂ ನಗರದ ನಲ್ಲಿಗಳಿಗೆ ಬಹುಕಾಲ ಮೂರು-ನಾಲ್ಕು ದಿನಗಳಿಗೊಮ್ಮೆ ನೀರು ಬಂದುದನ್ನು ನಾವೆಲ್ಲ ಕಂಡಿದ್ದೇವೆ. ಬೋರಿಗೆ ಅಕ್ಕಲಕೋಟೆ ತಾಲೂಕಿನ ಕುರನೂರಿನಲ್ಲಿ ಅಣೆಕಟ್ಟು ಇದೆ. ಕಬ್ಬು ಬೆಳೆಯಿತು, ಸಕ್ಕರೆ ಕಾರ್ಖಾನೆಗಳಾದುವು, ದ್ರಾಕ್ಷಿಯ ತೋಟಗಳಾದುವು. ಹೊಲಹೊಲಕ್ಕೆ ವಿದ್ಯುತ್ ಪಂಪಿನ ಬೋರುಗಳು ಬಿದ್ದು ಸೆಲೆಯು ಕೆಳಗೆ ಕೆಳಗೆ ಸರಿಯಿತು. ಮಾರ್ಕ್-2 ಪಂಪು ಸುಮಾರು 50 ಮೀಟರು ಆಳದವರೆಗಿನ ನೀರನ್ನು ಎತ್ತಬಲ್ಲುದು. ನೀರೇ ಅದಕ್ಕಿಂತ ಕೆಳಗಿಳಿದರೆ ಅದು ಏನು ಮಾಡೀತು? ಊರ ಬೋರಿಂಗು ಒಣಗಿ ನಿಂತಿರುವಾಗ ಪಕ್ಕದ ಹೊಲದಲ್ಲಿ ಕಬ್ಬು ಹಸಿರಾಗಿರುವ ನೋಟ ಈ ಸೀಮೆಯಲ್ಲಿ ಅಪರೂಪವಲ್ಲ. 2016ರ ಏಪ್ರಿಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲುಬಂಡಿಯಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಗಿ ಬಂದುದು ನಮಗೆ ದೂರವಲ್ಲದ ಜಿಲ್ಲೆಯ ಕಥೆ; ನಮಗೂ ಅದು ಎಚ್ಚರಿಕೆಯೇ.

2019ರ ಆಗಸ್ಟ್ 15ರಂದು ಪ್ರಾರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಪ್ರತಿ ಮನೆಗೂ ನಲ್ಲಿಯಿಂದ ತಲೆಗೆ ದಿನಕ್ಕೆ 55 ಲೀಟರು ನೀರು ಕೊಡುವ ಸಂಕಲ್ಪ ಮಾಡಿತು. ಆಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿಯುಳ್ಳವು ಸುಮಾರು 3 ಕೋಟಿ 23 ಲಕ್ಷ. 2025ರ ಹೊತ್ತಿಗೆ ಆ ಸಂಖ್ಯೆ 15 ಕೋಟಿಯನ್ನು ದಾಟಿತು. ಇದು ಮಹತ್ತಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. 'ಜಲ'ದೊಡನೆ 'ಜೀವನ'ವನ್ನು ಕೂಡಿಸಿದವರು ಅಮರಕೋಶವನ್ನು ಬಲ್ಲವರೇ ಇರಬೇಕು! ಆದರೆ ನಲ್ಲಿ ಬೇರೆ, ನಲ್ಲಿಯಲ್ಲಿ ನೀರು ಬೇರೆ. ಎಪ್ಪತ್ತರ ದಶಕದಲ್ಲಿ ಲೆಕ್ಕದ ಪುಸ್ತಕದಲ್ಲಿ ಪಂಪುಗಳಿದ್ದುವು, ಹಳ್ಳಿಯಲ್ಲಿ ನೀರಿರಲಿಲ್ಲ; ಆ ಪಾಠವನ್ನು ನಲ್ಲಿಗಳ ಕಾಲದಲ್ಲಿ ಮರೆಯಬಾರದು.

ಗಡಿಯ ಹಳ್ಳಿಯ ಕಷ್ಟ ಇನ್ನೂ ಒಂದು ಬಗೆಯದು. ಎರಡು ರಾಜ್ಯಗಳಲ್ಲಿ ಯಾವುದರ ನಕಾಶೆಯನ್ನು ಬಿಡಿಸಿದರೂ ಅದು ಅಂಚಿನಲ್ಲಿರುತ್ತದೆ. ಕಾಲುವೆಯಾಗಲಿ ಕೊಳವೆಯಾಗಲಿ ಅಲ್ಲಿಗೆ ಮುಟ್ಟುವುದು ಕಟ್ಟಕಡೆಗೆ. 2022ರ ಕೊನೆಯಲ್ಲಿ ಜತ್ತ, ಅಕ್ಕಲಕೋಟೆ ತಾಲೂಕುಗಳ ಕೆಲವು ಹಳ್ಳಿಗಳ ಜನರು ತಮ್ಮ ಕೊರತೆಗಳನ್ನು ಮುಂದಿಟ್ಟು ಕರ್ನಾಟಕದ ಮಾತನ್ನೆತ್ತಿದಾಗ ಪತ್ರಿಕೆಗಳು ಗಡಿವಿವಾದವನ್ನೇ ದೊಡ್ಡದಾಗಿ ಬರೆದುವು. ಆ ವಿವಾದವನ್ನು ನಾವು ಇಲ್ಲಿ ಚರ್ಚಿಸುವುದಿಲ್ಲ. ಆ ಜನರ ಅಹವಾಲಿನಲ್ಲಿ ನೀರು ಮುಂಚೂಣಿಯಲ್ಲಿದ್ದಿತೆಂಬುದನ್ನು ಮಾತ್ರ ನೆನಪಿಸುತ್ತೇವೆ. ಭೀಮೆಯು ಹಲವು ಹರದಾರಿ ಎರಡು ರಾಜ್ಯಗಳ ನಡುವೆಯೇ ಹರಿಯುತ್ತಾಳೆ. ಎರಡು ದಂಡೆಗಳ ಮೇಲೂ ಕನ್ನಡದಲ್ಲಿ ಮಾತಾಡುತ್ತ ಕೊಡ ತುಂಬುವವರಿದ್ದಾರೆ.

ಇನ್ನು ನಮ್ಮ ಸಂಘವು ಏನು ಮಾಡಬಹುದೆಂಬ ಪ್ರಶ್ನೆ. ಚಿಂಚೋಳಿಯ ಕಾರ್ಖಾನೆಗಳಲ್ಲಿ ಲೇಥು ನಡೆಸುವವರು, ಫಿಟ್ಟರುಗಳು, ವೆಲ್ಡರುಗಳು ನಮ್ಮ ಸದಸ್ಯರಲ್ಲಿ ಹಲವರಿದ್ದಾರೆ. ಜಗತ್ತಿಗೆ ನೀರು ಕುಡಿಸಿದ ಪಂಪು ಇಂಥ ಕೈಗಳಿಂದಲೇ, ಇದೇ ಸೀಮೆಯಲ್ಲಿ ಹುಟ್ಟಿತೆಂಬುದನ್ನು ಅವರು ತಿಳಿಯಬೇಕು. ಹಬ್ಬಕ್ಕೆ ಜಾತ್ರೆಗೆ ಊರಿಗೆ ಹೋದಾಗ ಅವರು ತಮ್ಮ ಊರಿನ ಬೋರಿಂಗನ್ನು ಒಮ್ಮೆ ನೋಡಲಿ. ಸರಪಳಿಗೆ ಗ್ರೀಸು ಬೇಕೆ, ಬೋಲ್ಟು ಸಡಿಲವಾಗಿದೆಯೆ, ಕಟ್ಟೆ ಒಡೆದು ಕೊಚ್ಚೆ ನಿಂತಿದೆಯೆ ಎಂದು ಪರೀಕ್ಷಿಸಲಿ. ತಮ್ಮಿಂದಾಗುವುದನ್ನು ತಾವೇ ಮಾಡಲಿ. ಆಗದುದಕ್ಕೆ ಗ್ರಾಮ ಪಂಚಾಯತಿಗೆ ಅರ್ಜಿ ಬರೆಯಲು ನಾವು ಅಧ್ಯಾಪಕರಿದ್ದೇವೆ. ಮರಾಠಿಯಲ್ಲಿಯೂ ಬರೆಯುತ್ತೇವೆ, ಕನ್ನಡದಲ್ಲಿಯೂ ಬರೆಯುತ್ತೇವೆ. ವಾರ್ಷಿಕೋತ್ಸವದ ಹಮ್ಮಿಣಿಯಲ್ಲಿ ಹಾರತುರಾಯಿಗಳ ವೆಚ್ಚವನ್ನು ಕಡಮೆ ಮಾಡಿ ಒಂದು ಪಾಲನ್ನು ವಾಷರು, ಸರಪಳಿ, ಪಾನಾಗಳಿಗೆಂದು ತೆಗೆದಿರಿಸೋಣ. ಅದಕ್ಕೆ ಹೊಸ ಹೆಸರನ್ನು ಹುಡುಕಬೇಕಾಗಿಲ್ಲ. ನಮ್ಮ ಶಾಸನಗಳೇ ಕೊಟ್ಟ ಹೆಸರಿದೆ, ಬಿತ್ತುವಟ್ಟ.

ಮುಂದಿನ ವರ್ಷದ ಸಂಚಿಕೆಯಲ್ಲಿ ಎಷ್ಟು ಕವಿಗೋಷ್ಠಿಗಳು ನಡೆದುವೆಂಬುದರ ಜೊತೆಯಲ್ಲಿ ಎಷ್ಟು ಪಂಪುಗಳು ಸರಿಯಾದುವೆಂಬ ಪಟ್ಟಿಯೂ ಅಚ್ಚಾಗಲೆಂದು ನಮ್ಮ ಆಸೆ. ಫಾಲ್ಗುಣದಲ್ಲಿ ನಾವು ಹಾಜರಿ ಕೂಗುವಾಗ ಹುಡುಗಿಯರ ಸಾಲಿನಿಂದ "ಹಾಜರಿದ್ದೇನ್ರೀ, ಸರ" ಎಂಬ ದನಿ ಒಂದೂ ತಪ್ಪದೆ ಬಂದರೆ ಆ ಪಟ್ಟಿಯು ಸಾರ್ಥಕವಾಯಿತೆಂದು ತಿಳಿಯುತ್ತೇವೆ. ಇತ್ಯಲಂ.